ಹೆದರಿಕೆಗೂ ಒಂದು ವಯಸ್ಸಿದೆ

ಪ್ರಶ್ನೆ: ಏಳು ವರ್ಷದ ಮಗಳು ‘ಡಾಕ್ಟರ್ ಹೂ’ ಸರಣಿಯ ‘ಬ್ಲಿಂಕ್’ ಕಂತು ನೋಡಿದಾಗಿನಿಂದ ಒಬ್ಬಳೇ ಮಲಗಲು ಒಲ್ಲೆ ಎನ್ನುತ್ತಾಳೆ. ಇಂಥದ್ದನ್ನೆಲ್ಲ ನಿಲ್ಲಿಸಬೇಕೆ?

ಉತ್ತರ: ಎಲ್ಲವನ್ನೂ ನಿಲ್ಲಿಸಬೇಕಿಲ್ಲ, ಅವಳನ್ನು ಹೆದರಿಸಿದ್ದು ಯಾವುದೆಂದು ಮೊದಲು ತಿಳಿದುಕೊಳ್ಳಿ. ಮಕ್ಕಳ ಭಯ ವಯಸ್ಸಿನೊಂದಿಗೆ ಬದಲಾಗುತ್ತದೆ. 1980ರ ದಶಕದಲ್ಲಿ ಅಮೆರಿಕದ ಸಂಶೋಧಕರಾದ ಜೊಯಾನ್ ಕ್ಯಾಂಟರ್ ಮತ್ತು ಗ್ಲೆನ್ ಸ್ಪಾರ್ಕ್ಸ್ ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಟಿವಿ ಸರಣಿಯನ್ನು ತೋರಿಸಿ ಗಮನಿಸಿದಾಗ, ಪುಟ್ಟ ಮಕ್ಕಳು ಹೆಚ್ಚು ಬೆದರಿದ್ದು ನಾಯಕ ಹಸಿರು ದೈತ್ಯನಾದ ಮೇಲೆ. ಆ ದೈತ್ಯ ಕಾಪಾಡುವವನೆಂಬುದಕ್ಕಿಂತ ಅವನ ರೂಪವೇ ಅವರಿಗೆ ದೊಡ್ಡದಾಗಿತ್ತು. ಬೆಳೆದ ಮಕ್ಕಳನ್ನು ‘ಇದು ನಿಜಕ್ಕೂ ನಡೆದೀತು’ ಎಂಬ ಯೋಚನೆ ಹೆಚ್ಚು ಕಾಡುತ್ತದೆ. 2007ರ ‘ಬ್ಲಿಂಕ್’ ಎರಡನ್ನೂ ಕೆಣಕುತ್ತದೆ: ರೆಕ್ಕೆಯ ಕಲ್ಲಿನ ಪ್ರತಿಮೆಗಳು ನೋಡುತ್ತಿರುವಷ್ಟು ಹೊತ್ತು ಅಲುಗುವುದಿಲ್ಲ, ರೆಪ್ಪೆ ಬಡಿದರೆ ಹತ್ತಿರ ಬಂದಿರುತ್ತವೆ. ಕಣ್ಣು ಮುಚ್ಚದೆ ನಿದ್ದೆ ಮಾಡಲಾಗದು. ಅದಕ್ಕೇ ಈ ಭಯ ಹಾಸಿಗೆಯವರೆಗೂ ಬಂದಿದೆ.

‘ಹಾಗಿದ್ದರೆ ಮಕ್ಕಳಿಗೇಕೆ ತೋರಿಸಬೇಕು?’ ಎನ್ನುವವರಿದ್ದಾರೆ. 1976ರಲ್ಲಿ ಇದೇ ಸರಣಿಯ ಕಂತೊಂದು ನಾಯಕನ ತಲೆಯನ್ನು ನೀರಿನಲ್ಲಿ ಅದುಮಿ ಹಿಡಿದ ದೃಶ್ಯದಲ್ಲೇ ನಿಂತಾಗ, ಟಿವಿಯಲ್ಲಿನ ಹಿಂಸೆಯ ವಿರುದ್ಧ ಹೋರಾಡುತ್ತಿದ್ದ ಬ್ರಿಟನ್ನಿನ ಮೇರಿ ವೈಟ್‌ಹೌಸ್ ಬಲವಾಗಿ ಆಕ್ಷೇಪಿಸಿದರು. ಮುಂದಿನ ಕಂತಿನವರೆಗೆ ಮಗು ಅದೇ ಚಿತ್ರವನ್ನು ಹೊತ್ತು ತಿರುಗಬೇಕಲ್ಲ ಎಂಬುದು ಅವರ ಕಳವಳ. ಅದರಲ್ಲಿ ಹುರುಳಿದೆ: ಬಗೆಹರಿಯದೆ ಉಳಿದ ಭಯವೇ ಹೆಚ್ಚು ನೋಯಿಸುವುದು. ಆದರೆ ಪರಿಹಾರ ನಿಷೇಧವಲ್ಲ, ಜೊತೆಗಿರುವುದು. ಮಗಳು ಒಪ್ಪಿದರೆ ಹಗಲಿನಲ್ಲಿ ಪಕ್ಕದಲ್ಲಿ ಕೂತು, ಪ್ರತಿಮೆಗಳು ಒಂದನ್ನೊಂದು ದಿಟ್ಟಿಸಿ ಸಿಕ್ಕಿಬೀಳುವ ದೃಶ್ಯದವರೆಗೆ ನೋಡಿ. ಮುಕ್ತಾಯದಲ್ಲಿ ಊರಿನ ಸಾಮಾನ್ಯ ಪ್ರತಿಮೆಗಳನ್ನು ತೋರಿಸುತ್ತಾರೆ; ಅದಕ್ಕೆ ಮುಂಚೆಯೇ ನಿಲ್ಲಿಸಿ. ಬೇಡವೆಂದರೆ ಒತ್ತಾಯ ಬೇಡ. ನಿದ್ದೆ ಕೆಡುವುದು ವಾರಗಟ್ಟಲೆ ಮುಂದುವರಿದರೆ ಮಕ್ಕಳ ವೈದ್ಯರನ್ನು ಕಾಣಿರಿ.