ಹಿರೇಗುತ್ತಿಯ ಅಜ್ಜಿಯ ಮರೆವು ಮತ್ತು ಅಶ್ವಗಂಧದ ಬೇರು

ಕುಮಟಾ ತಾಲೂಕಿನ ಹಿರೇಗುತ್ತಿಯಿಂದ ಈ ಸಲ ಬಂದಿರುವ ಪ್ರಶ್ನೆಗಳೆಲ್ಲ ಒಂದೇ ಮನೆಯವು. ಕೆಲವನ್ನು ಮಗಳು ಕೇಳಿದ್ದಾರೆ, ಕೆಲವನ್ನು ಕಾಲೇಜು ಓದುವ ಮೊಮ್ಮಗ. ಎಲ್ಲವೂ ಸುತ್ತುವುದು 74 ವರ್ಷದ ಅಜ್ಜಿಯೊಬ್ಬರ ಸುತ್ತ.

ಪ್ರಶ್ನೆ: ಒಂದು ವರ್ಷದಿಂದ ಅಜ್ಜಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ. ಕೇಳಿದ್ದನ್ನೇ ಗಳಿಗೆಗೊಮ್ಮೆ ಕೇಳುತ್ತಾರೆ. ಮದುವೆಯಾಗಿ ಬಂದಾಗಿನಿಂದ ಓಡಾಡಿದ ಗಜನಿಯ (ಹೊಳೆಯಂಚಿನ ಉಪ್ಪುನೀರಿನ ಗದ್ದೆಯ) ಕಟ್ಟೆಯ ಮೇಲೆ ಕಳೆದ ತಿಂಗಳು ದಾರಿ ತಿಳಿಯದೆ ನಿಂತುಬಿಟ್ಟಿದ್ದರು. ‘ಅರವತ್ತಕ್ಕೆ ಅರಳುಮರಳು, ಇವರಿಗೆ ಎಪ್ಪತ್ತಾಯಿತಲ್ಲ’ ಎನ್ನುತ್ತಾರೆ ಊರವರು. ಇದು ವಯಸ್ಸೋ, ಕಾಯಿಲೆಯೋ?

ಉತ್ತರ: ಕಾಯಿಲೆ ಇರಬಹುದೆಂದೇ ತಿಳಿದು ತಪಾಸಣೆ ಮಾಡಿಸಬೇಕು. ನೆಂಟರ ಹೆಸರು ತಟ್ಟನೆ ನೆನಪಾಗದೆ ಸಂಜೆಯ ಹೊತ್ತಿಗೆ ಹೊಳೆಯುವುದು ವಯಸ್ಸಿನ ಗುಣ. ಐವತ್ತು ವರ್ಷ ಕಾಲು ಸವೆಸಿದ ಕಟ್ಟೆಯ ಮೇಲೆ ದಿಕ್ಕು ತಪ್ಪುವುದು ಆ ಸಾಲಿಗೆ ಸೇರುವುದಿಲ್ಲ.

ಅರಳುಮರಳು ಎಂಬ ಮಾತು ಎಷ್ಟೋ ಮನೆಗಳಲ್ಲಿ ವೈದ್ಯರ ಬಳಿ ಹೋಗುವುದನ್ನೇ ತಪ್ಪಿಸಿದೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಅಗಸ್ಟ್ ಡೀಟರ್ ಎಂಬ ಹೆಂಗಸನ್ನು ಸೇರಿಸಿದಾಗ ಆಕೆಗೆ ಬರೀ 51 ವರ್ಷ. ವಯಸ್ಸಿನ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿರಲಿಲ್ಲ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅಲೋಯಿಸ್ ಅಲ್ಝೈಮರ್ ಎಂಬ ವೈದ್ಯ ಮೆದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ನರಕೋಶಗಳ ಹೊರಗೆ ಗಟ್ಟಿಯಾದ ಕಲೆಗಳಿದ್ದವು, ಒಳಗೆ ಸಿಕ್ಕುಗಟ್ಟಿದ ಎಳೆಗಳಿದ್ದವು. ಮೊದಲನೆಯದು ಅಮಿಲಾಯ್ಡ್, ಎರಡನೆಯದು ಟೌ ಎಂಬ ಪ್ರೋಟೀನು ಎಂದು ಈಗ ಗೊತ್ತಿದೆ.

ಹಾಗೆಂದು ಎಲ್ಲ ಮರೆವೂ ಅವರ ಹೆಸರು ಹೊತ್ತ ಅಲ್ಝೈಮರ್ ಕಾಯಿಲೆಯಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಕುಂದುವುದು, ಖಿನ್ನತೆ, ನಿದ್ದೆಗುಳಿಗೆ, ಬಚ್ಚಲಲ್ಲಿ ಜಾರಿಬಿದ್ದು ಮೆದುಳಿನ ಹೊದಿಕೆಯಡಿ ನಿಧಾನಕ್ಕೆ ರಕ್ತ ಕಟ್ಟಿರುವುದು, ಇವೂ ಇದೇ ವೇಷದಲ್ಲಿ ಬರುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ರಕ್ತಪರೀಕ್ಷೆ, ಒಂದು ಸ್ಕ್ಯಾನ್, ಜ್ಞಾಪಕಶಕ್ತಿಯ ಪರೀಕ್ಷೆ ಇಷ್ಟಾದರೆ ಅರ್ಧ ಗೊಂದಲ ತೀರುತ್ತದೆ. ಕುಮಟಾದ ತಾಲೂಕು ಆಸ್ಪತ್ರೆಯಿಂದ ಶುರುಮಾಡಬಹುದು. ಮುಂದಿನ ಪರೀಕ್ಷೆಗೆ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಪ್ರಶ್ನೆ: ಬೆಂಗಳೂರಿನ ವಿಜ್ಞಾನಿಯೊಬ್ಬರು ಅಶ್ವಗಂಧದಿಂದ ಈ ಕಾಯಿಲೆ ವಾಸಿಯಾಗುತ್ತದೆಂದು ಕಂಡುಹಿಡಿದಿದ್ದಾರಂತೆ. ನೆಂಟರೊಬ್ಬರು ಪುಡಿಯ ಡಬ್ಬಿಯನ್ನೇ ತಂದುಕೊಟ್ಟಿದ್ದಾರೆ. ಅಜ್ಜಿಗೆ ಹಾಲಿನಲ್ಲಿ ಕೊಡಬಹುದೇ?

ಉತ್ತರ: ಸುದ್ದಿಯ ಬೇರು ನಿಜ. ಬಾಯಿಂದ ಬಾಯಿಗೆ ಬರುವಾಗ ಇಲಿ ಬಿಟ್ಟುಹೋಗಿದೆ.

ಆ ವಿಜ್ಞಾನಿ ಡಾ. ವಿಜಯಲಕ್ಷ್ಮಿ ರವೀಂದ್ರನಾಥ್. ಮೈಸೂರು ವಿಶ್ವವಿದ್ಯಾಲಯದಿಂದ 1981ರಲ್ಲಿ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಶೋಧನೆ ನಡೆಸಿದವರು. ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವನ್ನು ಕಟ್ಟಿ, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ಅಶ್ವಗಂಧದ ಬಗೆಗಿನ ಅವರ ತಂಡದ ಪ್ರಬಂಧ 2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಝೈಮರ್‌ಗೆ ಕಾರಣವಾಗುವ ಮನುಷ್ಯರ ವಂಶವಾಹಿಗಳನ್ನು ಸೇರಿಸಿ ಬೆಳೆಸಿದ ಇಲಿಗಳಿಗೆ ಅಶ್ವಗಂಧದ ಬೇರಿನಿಂದ ತೆಗೆದ ಸಾರವನ್ನು 30 ದಿನ ಬಾಯಿಯ ಮೂಲಕ ಕೊಟ್ಟಿದ್ದರು. ದಾರಿ ಮರೆತಿದ್ದ ಇಲಿಗಳು ಮತ್ತೆ ದಾರಿ ಕಲಿತವು. ಮೆದುಳಿನ ಅಮಿಲಾಯ್ಡ್ ಇಳಿದಿತ್ತು.

ಬೆರಗಿನ ಸಂಗತಿ ಬೇರೆಯೇ ಇದೆ. ಮದ್ದು ಕೆಲಸ ಮಾಡಿದ್ದು ಮೆದುಳಿನಲ್ಲಲ್ಲ, ಯಕೃತ್ತಿನಲ್ಲಿ! ಎಲ್‌ಆರ್‌ಪಿ ಎಂಬ ಪ್ರೋಟೀನನ್ನು ಅದು ಯಕೃತ್ತಿನಲ್ಲಿ ಹೆಚ್ಚಿಸಿತು. ಆ ಪ್ರೋಟೀನಿನ ಒಂದು ತುಣುಕು ರಕ್ತಕ್ಕೆ ಬಂದು ಅಲ್ಲಿದ್ದ ಅಮಿಲಾಯ್ಡನ್ನು ಹಿಡಿದುಕೊಂಡಿತು. ಹಿರೇಗುತ್ತಿಯವರಿಗೆ ಇದನ್ನು ಹೇಳುವುದು ಸುಲಭ. ಇಳಿತದ ಹೊತ್ತಿನಲ್ಲಿ ಗಜನಿ ಕಟ್ಟೆಯ ಜಂತ್ರಡಿ ಎಂಬ ತೂಬು ತೆರೆದರೆ ಒಳಗಿನ ನೀರನ್ನು ಯಾರೂ ಎತ್ತಿ ಹಾಕಬೇಕಿಲ್ಲ. ಹೊಳೆಯ ಮಟ್ಟ ಕೆಳಗಿರುವುದರಿಂದ ತಾನಾಗಿ ಹರಿದುಹೋಗುತ್ತದೆ. ಬೇರಿನ ಸಾರ ಮೆದುಳೆಂಬ ಗದ್ದೆಗೆ ಇಳಿಯಬೇಕಾಗಲಿಲ್ಲ, ರಕ್ತವೆಂಬ ಹೊಳೆಯ ಮಟ್ಟ ಇಳಿಸಿತು. ಯಕೃತ್ತಿನಲ್ಲಿ ಆ ಪ್ರೋಟೀನನ್ನು ಬೇಕೆಂದೇ ತಗ್ಗಿಸಿ ನೋಡಿದಾಗ ಮದ್ದಿನ ಗುಣವೂ ಕುಗ್ಗಿತು. ಊಹೆಯನ್ನು ಹೀಗೆ ತಿರುಗಿಸಿ ಪರೀಕ್ಷಿಸಿದ್ದರಿಂದಲೇ ಈ ಕೆಲಸಕ್ಕೆ ತೂಕ ಬಂದಿರುವುದು.

ಆದರೂ ಡಬ್ಬಿಯ ಪುಡಿಯನ್ನು ಅಜ್ಜಿಗೆ ಕೊಡುವುದು ಬೇಡ. ಪ್ರಯೋಗದಲ್ಲಿ ಬಳಸಿದ್ದು ಭಾಗಶಃ ಶುದ್ಧೀಕರಿಸಿದ ಸಾರ, ಅಂಗಡಿಯ ಪುಡಿಯಲ್ಲ. ಇಲಿಯಲ್ಲಿ ಗೆದ್ದ ಎಷ್ಟೋ ಅಲ್ಝೈಮರ್ ಔಷಧಗಳು ಮನುಷ್ಯರಲ್ಲಿ ಸೋತಿವೆ. ಅಶ್ವಗಂಧ ಈ ಕಾಯಿಲೆಯನ್ನು ಮನುಷ್ಯರಲ್ಲಿ ವಾಸಿಮಾಡುತ್ತದೆಂದು ಸಾಬೀತಾಗಿಲ್ಲ. ಕೆಲವರಲ್ಲಿ ಅದರಿಂದ ಯಕೃತ್ತಿಗೇ ಪೆಟ್ಟಾದ ವರದಿಗಳಿವೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆ, ಯಾವುದಕ್ಕಾದರೂ ಅಜ್ಜಿ ಗುಳಿಗೆ ನುಂಗುತ್ತಿದ್ದರೆ ವೈದ್ಯರಿಗೆ ಡಬ್ಬಿ ತೋರಿಸದೆ ಒಂದು ಚಮಚವೂ ಸಲ್ಲದು.

ವಿಜಯಲಕ್ಷ್ಮಿ ಅವರೂ ಇಲಿಯ ಹತ್ತಿರವೇ ನಿಂತುಬಿಡಲಿಲ್ಲ. 2018ರಲ್ಲಿ ಅವರ ತಂಡ ತೋರಿಸಿದಂತೆ, ಇಂಥ ಇಲಿಗಳಲ್ಲಿ ಒಂದು ತಿಂಗಳ ಪ್ರಾಯಕ್ಕೇ, ಅಮಿಲಾಯ್ಡ್ ಕಲೆಗಳು ಕಾಣುವುದಕ್ಕೆ ಎಷ್ಟೋ ಮೊದಲು, ನರಕೋಶಗಳು ಒಂದನ್ನೊಂದು ಮುಟ್ಟುವ ಜಾಗದ ಆಕ್ಟಿನ್ ಎಂಬ ಹಂದರ ಸಡಿಲವಾಗಿರುತ್ತದೆ. ಮರೆವು ಕಣ್ಣಿಗೆ ಬೀಳುವಾಗ ತಡವಾಗಿರುತ್ತದೆ ಎಂದಾದರೆ, ಮರೆವಿಲ್ಲದವರನ್ನೇ ವರ್ಷಗಟ್ಟಲೆ ಗಮನಿಸಬೇಕು. ಉದ್ಯಮಿ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್‌ನ ನೆರವಿನಿಂದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಎದ್ದ ಮೆದುಳು ಸಂಶೋಧನಾ ಕೇಂದ್ರಕ್ಕೆ ಅವರು ಸ್ಥಾಪಕ ನಿರ್ದೇಶಕಿಯಾದರು. ಆ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಿಗೆ ಇಳಿಯಿತು. 45 ದಾಟಿದ 10,000 ಮಂದಿಯನ್ನು ಮತ್ತೆಮತ್ತೆ ಪರೀಕ್ಷಿಸುವ ಗುರಿ. ರಕ್ತ, ವಂಶವಾಹಿ, ಮೆದುಳಿನ ಎಂಆರ್‌ಐ ಎಲ್ಲವೂ ಅದರಲ್ಲಿ ಸೇರಿದೆ. ಶಾಲೆಯ ಮೆಟ್ಟಿಲು ಹತ್ತದವರ ನೆನಪನ್ನು ಅಳೆಯಲು ಪಶ್ಚಿಮದ ಪ್ರಶ್ನೆಪತ್ರಿಕೆ ಸಾಲದು. ಪರೀಕ್ಷೆಗಳನ್ನು ಇಲ್ಲಿನ ನುಡಿಗೆ, ಬದುಕಿಗೆ ಒಗ್ಗಿಸಬೇಕಾಗುತ್ತದೆ. ಹಳ್ಳಿಗೇ ಹೋದದ್ದು ಸರಿಯಾದ ನಿರ್ಧಾರ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ (ಅಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆಗಳು) ಇದೆ. ಪಟ್ಟಣದಲ್ಲಿ ಶೇ 5.3, ಹಳ್ಳಿಯಲ್ಲಿ ಶೇ 8.4.

ಪ್ರಶ್ನೆ: ಹಾಗಾದರೆ ಔಷಧವೇ ಇಲ್ಲವೇ?

ಉತ್ತರ: ಬುಡಸಮೇತ ಕೀಳುವಂಥದ್ದು ಇಲ್ಲ. ಡೊನೆಪೆಜಿಲ್‌ನಂಥ ಗುಳಿಗೆಗಳು ಕೆಲವರಿಗೆ ಸ್ವಲ್ಪ ಕಾಲ ಆಸರೆಯಾಗುತ್ತವೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಎಂಬ ಔಷಧ ರಕ್ತನಾಳದ ಮೂಲಕ ಕೊಡುವಂಥದ್ದು. 18 ತಿಂಗಳಲ್ಲಿ ಕಾಯಿಲೆಯ ಓಟವನ್ನು ಶೇ 27ರಷ್ಟು ನಿಧಾನಿಸಿತು, ಅದೂ ಆರಂಭದ ಹಂತದವರಲ್ಲಿ. ಮೆದುಳು ಊದುವ, ರಕ್ತ ಸೋರುವ ಅಪಾಯವಿರುವುದರಿಂದ ಪದೇಪದೇ ಎಂಆರ್‌ಐ ಬೇಕು. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ರೂಪಿಸಿದ ಟಿಜಿಆರ್63 ಎಂಬ ಅಣು ಇಲಿಗಳ ಮೆದುಳಿನ ಅಮಿಲಾಯ್ಡನ್ನು ತಗ್ಗಿಸಿದೆ. ಅವರಿಗೆ 2021ರ ಭಟ್ನಾಗರ್ ಪ್ರಶಸ್ತಿ ಬಂತು. ಆದರೆ ಅಣು ಇಲಿಯಿಂದ ಮನುಷ್ಯನವರೆಗೆ ಬರುವ ದಾರಿ ಉದ್ದವಿದೆ.

ಪ್ರಶ್ನೆ: ಅಜ್ಜಿಯ ತವರಿನ ಭಾಷೆ ಕೊಂಕಣಿ. ಈಚೆಗೆ ಕನ್ನಡ ಬಿಟ್ಟು ಕೊಂಕಣಿಯಲ್ಲೇ ಮಾತಾಡುತ್ತಾರೆ. ಎರಡು ಭಾಷೆ ಬೆರೆತು ತಲೆ ಗೊಂದಲವಾಯಿತೇ?

ಉತ್ತರ: ಇಲ್ಲ, ಎರಡು ಭಾಷೆ ಅವರನ್ನು ಇಷ್ಟು ವರ್ಷ ಕಾಪಾಡಿರಲೂ ಸಾಕು. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿದ್ದಾಗ 648 ಡಿಮೆನ್ಶಿಯಾ ರೋಗಿಗಳ ವಿವರ ಕಲೆಹಾಕಿದ್ದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಒಂದೇ ಭಾಷೆಯವರಿಗಿಂತ ಎರಡು ಭಾಷೆಯವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಓದು ಬಾರದವರಲ್ಲೂ ಈ ಲಾಭ ಕಂಡಿತು. ಹಾಗಾಗಿ ಇದನ್ನು ಶಾಲೆಯ ಓದಿನ ಫಲ ಎನ್ನುವಂತಿಲ್ಲ. ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆಯಾಡುವ ಕರಾವಳಿಯ ಅಮ್ಮಂದಿರು ನಿತ್ಯ ಮಾಡುತ್ತಿರುವುದು ಮೆದುಳಿನ ಕಸರತ್ತೇ. ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರುವುದುಂಟು. ಮನೆಯಲ್ಲಿ ಯಾರಿಗಾದರೂ ಕೊಂಕಣಿ ಬಂದರೆ ಅವರು ಅಜ್ಜಿಯ ಜೊತೆ ಅದರಲ್ಲೇ ಮಾತಾಡಲಿ.

ಪ್ರಶ್ನೆ: ಮಗಳಿಗೂ ಇದು ಬರುತ್ತದೆಯೇ?

ಉತ್ತರ: ಬಂದೇ ಬರುತ್ತದೆ ಎಂದೇನಿಲ್ಲ. ಬದಲಿಸಬಹುದಾದ 14 ಅಪಾಯಗಳನ್ನು ನಿಭಾಯಿಸಿದರೆ ಡಿಮೆನ್ಶಿಯಾದಲ್ಲಿ ಶೇ 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಅಂದಾಜಿಸಿತು. ರಕ್ತದೊತ್ತಡ, ಸಕ್ಕರೆ, ಕೊಬ್ಬು, ತಂಬಾಕು ಎಲ್ಲರಿಗೂ ಗೊತ್ತು. ಕಿವಿ, ಕಣ್ಣು ಮಂದವಾಗುವುದೂ ಆ ಪಟ್ಟಿಯಲ್ಲಿದೆ. ಐವತ್ತರ ಮಗಳು ಕಿವಿ ಪರೀಕ್ಷೆ ಮಾಡಿಸಿಕೊಳ್ಳಲಿ.

ಪ್ರಶ್ನೆ: ಹೊತ್ತು ಮುಳುಗುತ್ತಿದ್ದಂತೆ ಅಜ್ಜಿ ‘ತವರಿಗೆ ಹೋಗಬೇಕು, ಆಯಿ ಕಾಯುತ್ತಿದ್ದಾಳೆ’ ಎಂದು ಬಾಗಿಲಿಗೆ ಬರುತ್ತಾರೆ. ಆಯಿ ತೀರಿ ನಲವತ್ತು ವರ್ಷವಾಯಿತು ಎಂದರೆ ಅಳುತ್ತಾರೆ.

ಉತ್ತರ: ಹಾಗೆ ಹೇಳುವುದನ್ನು ಇವತ್ತೇ ನಿಲ್ಲಿಸಬೇಕು. ಪ್ರತಿ ಸಲವೂ ಅವರಿಗೆ ಅದು ಹೊಸ ಸಾವು. ಸಂಜೆಯ ಕಳವಳ ಈ ಕಾಯಿಲೆಯ ಭಾಗ. ನಸುಗತ್ತಲೆ, ದಣಿವು, ಹಸಿವು ಅದನ್ನು ಹೆಚ್ಚಿಸುತ್ತವೆ. ಕತ್ತಲಾಗುವ ಮೊದಲೇ ದೀಪ ಹಾಕಿ, ತಿನ್ನಲು ಏನಾದರೂ ಕೊಟ್ಟು, ಆಯಿ ಏನು ಅಡುಗೆ ಮಾಡುತ್ತಿದ್ದಳು ಎಂದು ಕೇಳಿದರೆ ಮಾತು ಬೇರೆಡೆ ಹೊರಳುತ್ತದೆ. ಸೀರೆಯ ಸೆರಗಿನಲ್ಲಿ ಊರಿನ ಹೆಸರು, ಫೋನ್ ನಂಬರ್ ಬರೆದ ಚೀಟಿ ಹೊಲಿದಿರಲಿ. ನೋಡಿಕೊಳ್ಳುವ ಮಗಳಿಗೂ ವಾರದಲ್ಲಿ ಒಂದು ಮಧ್ಯಾಹ್ನ ಬಿಡುವು ಬೇಕು, ಆ ಹೊತ್ತು ಮೊಮ್ಮಗ ಅಜ್ಜಿಯ ಜೊತೆ ಕೂರಲಿ. ಹಿರಿಯರ ಸಹಾಯವಾಣಿ 14567. ಆರೈಕೆ ಮಾಡುವವರ ಮನಸ್ಸು ಕುಸಿದಾಗ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.