ಹೊಗೆ ಬಿಟ್ಟವರ ಪತ್ರಗಳು

ಪ್ರಶ್ನೆ: ನನಗೆ 58 ವರ್ಷ. ಮೂವತ್ತು ವರ್ಷ ಸಿಗರೇಟು ಸೇದಿ ಎರಡು ತಿಂಗಳ ಕೆಳಗೆ ಬಿಟ್ಟೆ. ಸೇದುವಾಗ ಇಲ್ಲದಿದ್ದ ಕೆಮ್ಮು, ಕಫ ಈಗ ಹೆಚ್ಚಾಗಿವೆ. ಬಿಟ್ಟದ್ದೇ ಕೇಡಾಯಿತೆ?
– ನಿವೃತ್ತ ಉಪಾಧ್ಯಾಯರು, ಹಾಸನ

ಉತ್ತರ: ಬಿಟ್ಟದ್ದರಿಂದ ಕೇಡಾಗಿಲ್ಲ. ಶ್ವಾಸನಾಳದ ಒಳಪದರದಲ್ಲಿ ಕಫವನ್ನು ಮೇಲಕ್ಕೆ ಸಾಗಿಸುವ ಸೂಕ್ಷ್ಮ ರೋಮಗಳುಂಟು. ದೀರ್ಘಕಾಲದ ಧೂಮಪಾನದಿಂದ ಜಡವಾಗಿದ್ದ ಅವು, ಹೊಗೆ ನಿಂತ ಕೆಲವು ವಾರಗಳಲ್ಲಿ ಚೇತರಿಸಿಕೊಂಡು ತಮ್ಮ ಕಾರ್ಯಕ್ಕೆ ತೊಡಗಿದಾಗ, ಒಳಗೆ ನಿಂತಿದ್ದುದೆಲ್ಲ ಕೆಮ್ಮಿನ ಮೂಲಕ ಹೊರಬೀಳುವುದು ಸ್ವಾಭಾವಿಕ. ಆದರೆ ಇಷ್ಟನ್ನು ಹೇಳಿ ನಿಮ್ಮನ್ನು ಕಳುಹಿಸಿಬಿಡಲು ನನಗೆ ಧೈರ್ಯವಿಲ್ಲ. ಎರಡು ವಾರ ಮೀರಿದ ಕೆಮ್ಮು ಯಾರದೇ ಆಗಲಿ, ಕ್ಷಯದ ಕಫಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಜೊತೆಗೆ ಎದೆಯ ಎಕ್ಸ್‌ರೇ, ಉಸಿರಿನ ಬಲವನ್ನು ಅಳೆಯುವ ಸ್ಪೈರೊಮೆಟ್ರಿ ಇವೆರಡೂ ಆಗಲಿ. ತೂಕದ ವಿಷಯವನ್ನು ನೀವು ಬರೆದಿಲ್ಲ. ಹೊಗೆ ಬಿಟ್ಟವರು ಮೊದಲ ವರ್ಷದಲ್ಲಿ ಸಾಮಾನ್ಯವಾಗಿ ನಾಲ್ಕೈದು ಕಿಲೋ ಏರುವರು. ನೀವು ಇಳಿಯುತ್ತಿದ್ದರೆ, ಅಥವಾ ಕಫದಲ್ಲಿ ರಕ್ತದ ಎಳೆ ಕಂಡರೆ, ದನಿ ಒಡೆದಿದ್ದರೆ, ಮುಂದಿನ ಸಂಚಿಕೆಯ ಉತ್ತರಕ್ಕಾಗಿ ಕಾಯದೆ ನಾಳೆಯೇ ಆಸ್ಪತ್ರೆಗೆ ಹೋಗಿರಿ.

ಪ್ರಶ್ನೆ: ಸಿಗರೇಟು ಬಿಟ್ಟು ಐದು ವಾರ. ನಿದ್ರೆಯಿಲ್ಲ, ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ. ನಿಕೋಟಿನ್ ಇನ್ನೂ ರಕ್ತದಲ್ಲಿ ಉಳಿದಿದೆಯೆ? ರಕ್ತಶುದ್ಧಿಗೆ ಯಾವ ಕಷಾಯ ಒಳ್ಳೆಯದು?
– ಕಾಫಿ ಬೆಳೆಗಾರ, ಮೂಡಿಗೆರೆ

ಉತ್ತರ: ಯಾವ ಕಷಾಯವೂ ಬೇಡ. ನಿಕೋಟಿನ್ ಮೂರು ದಿನದೊಳಗೆ ದೇಹವನ್ನು ಬಿಟ್ಟು ಹೋಗಿರುತ್ತದೆ. ಅದಕ್ಕೆ ಒಗ್ಗಿಹೋಗಿದ್ದ ಮಿದುಳು ಅದಿಲ್ಲದೆ ನಡೆಯುವುದನ್ನು ಕಲಿಯಬೇಕಾದುದರಿಂದ ಸಿಡುಕು, ನಿದ್ರಾಭಂಗ, ಮನಸ್ಸು ನಿಲ್ಲದಿರುವಿಕೆ ಮೊದಲ ವಾರದಲ್ಲಿ ತೀವ್ರವಾಗಿದ್ದು ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಮುಖವಾಗುತ್ತವೆ. ಹಸಿವು ಮಾತ್ರ ಇನ್ನೂ ಕೆಲವು ತಿಂಗಳು ಹೆಚ್ಚಾಗಿಯೇ ಇರುವುದುಂಟು. ನಿಮಗೆ ಐದನೆಯ ವಾರದಲ್ಲಿಯೂ ಕೈ ನಡುಗುತ್ತಿರುವಾಗ ನಾನು ಮೊದಲು ಕೇಳುವುದು ಕಾಫಿಯ ಲೆಕ್ಕವನ್ನು, ಮತ್ತು ನೀವು ಬರೆಯದೆ ಬಿಟ್ಟಿರುವುದೂ ಅದನ್ನೇ. ಹೊಗೆಯಲ್ಲಿರುವ ಡಾಂಬರಿನಂಥ ವಸ್ತುಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ, ಕಾಫಿಯ ಕೆಫೀನನ್ನು ಬೇಗ ಬೇಗ ಕರಗಿಸಿಬಿಡುತ್ತವೆ. ಹೊಗೆ ನಿಂತೊಡನೆ ಆ ಚುರುಕು ಹೋಗುತ್ತದೆ. ಮೊದಲಿನಷ್ಟೇ ಲೋಟ ಕುಡಿದರೂ ರಕ್ತದಲ್ಲಿ ಕೆಫೀನು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಿಗರೇಟಿನ ಬಾಯಿಚಪಲಕ್ಕೆ ಇನ್ನೆರಡು ಲೋಟ ಸೇರಿಸಿಕೊಂಡವನಿಗೆ ನಿದ್ರೆ ಎಲ್ಲಿಂದ ಬರಬೇಕು? ಕಾಫಿಯನ್ನು ಅರ್ಧಕ್ಕಿಳಿಸಿರಿ, ಮಧ್ಯಾಹ್ನದ ಊಟದ ಅನಂತರ ಮುಟ್ಟಬೇಡಿರಿ.

ಇದೇ ಕಾರಣದಿಂದ, ಉಬ್ಬಸಕ್ಕೆ ಥಿಯೊಫಿಲಿನ್ ಇರುವ ಮಾತ್ರೆ ನುಂಗುವವರು, ಮನೋರೋಗಕ್ಕೆ ಒಲಾಂಜಪಿನ್ ಅಥವಾ ಕ್ಲೋಜಪಿನ್ ಸೇವಿಸುವವರು, ಹೊಗೆ ಬಿಡುವ ಸುದ್ದಿಯನ್ನು ತಮ್ಮ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಹಳೆಯ ಪ್ರಮಾಣವೇ ಆಗ ಅತಿಯಾದೀತು. ನಿಮಗಂತೂ ಒಂದು ಇಸಿಜಿ, ಥೈರಾಯ್ಡ್ ಪರೀಕ್ಷೆ, ಹಿಮೋಗ್ಲೋಬಿನ್, ಸಕ್ಕರೆ ಇಷ್ಟೂ ಈ ವಾರವೇ ಆಗಲಿ. ಕಾಫಿಯೊಂದೇ ಕಾರಣವೆಂದು ತಿಳಿಯುವುದು ಅವು ಸರಿಯಾಗಿ ಬಂದ ಮೇಲೆ.

ಪ್ರಶ್ನೆ: ನಮ್ಮ ಯಜಮಾನರು ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದವರು, ಬಿಟ್ಟು ಎಂಟು ದಿನವಾಯಿತು. ಮಕ್ಕಳ ಮೇಲೆ ರೇಗುತ್ತಾರೆ, ಊಟವಾದೊಡನೆ ಚಡಪಡಿಸುತ್ತಾರೆ, ಮಲಬದ್ಧತೆ ಬೇರೆ. ರಕ್ತಕ್ಕೆ ಹೊಗೆ ಹಿಡಿದಿರುವಾಗ ಒಮ್ಮೆಲೇ ಬಿಟ್ಟರೆ ಎದೆ ನಿಂತುಹೋಗುತ್ತದೆ, ನಿಮ್ಮ ದೊಡ್ಡಮಾವ ಬೀಡಿ ಬಿಟ್ಟ ಎರಡೇ ತಿಂಗಳಿಗೆ ಹೋದರಲ್ಲ ಎಂದು ನೆರೆಯವರು ಹೆದರಿಸುತ್ತಾರೆ. ದಿನಕ್ಕೆರಡು ಬೀಡಿ ಕೊಡಲೆ?
– ಒಬ್ಬ ಗೃಹಿಣಿ, ರಾಣೆಬೆನ್ನೂರು

ಉತ್ತರ: ಕೊಡಬೇಡಿ ತಾಯಿ, ಒಂದನ್ನೂ ಕೊಡಬೇಡಿ. ಈ ಮಾತನ್ನು ನಾನು ವಾರ್ಡುಗಳಲ್ಲಿ ಎಷ್ಟು ಬಾರಿ ಕೇಳಿದ್ದೇನೆಂದರೆ, ಹೃದಯಾಘಾತವಾಗಿ ಮಲಗಿದವನ ತಲೆದಿಂಬಿನಡಿಗೆ ಅವನ ಅಕ್ಕರೆಯ ಬಂಧುಗಳೇ ಬೀಡಿಕಟ್ಟನ್ನು ತಂದಿಟ್ಟದ್ದನ್ನು ಕಂಡು ಸಹನೆ ಕಳೆದುಕೊಂಡಿದ್ದೇನೆ. ರಕ್ತಕ್ಕೆ ಹೊಗೆ ಹಿಡಿಯುವುದು ನಿಜ. ಅದು ವಿಷಾನಿಲವಾಗಿ ಹಿಡಿಯುತ್ತದೆ, ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ, ಮತ್ತು ಸೇದುವುದನ್ನು ನಿಲ್ಲಿಸಿದ ಒಂದೆರಡು ದಿನಗಳಲ್ಲಿ ತಾನಾಗಿಯೇ ತೊಲಗುತ್ತದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಹೃದಯರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ‘ಎರಡೇ ಎರಡು’ ಎಂಬ ಮಾತಿಗೂ ಆಧಾರವಿಲ್ಲ: ದಿನಕ್ಕೊಂದೇ ಸಿಗರೇಟು ಸೇದುವವನು ಕೂಡ, ಇಪ್ಪತ್ತು ಸೇದುವವನು ಹೃದಯದ ಮೇಲೆ ಹೇರಿಕೊಳ್ಳುವ ಹೆಚ್ಚುವರಿ ಅಪಾಯದ ಸರಿಸುಮಾರು ಅರ್ಧವನ್ನು ಹೊರುತ್ತಾನೆ.

ನಿಮ್ಮ ದೊಡ್ಡಮಾವನವರು ಏಕೆ ಬಿಟ್ಟರೆಂಬುದನ್ನು ಮನೆಯ ಹಿರಿಯರಲ್ಲಿ ವಿಚಾರಿಸಿ ನೋಡಿ. ರೋಗವು ಒಳಗೊಳಗೇ ಬಲಿತು, ಉಸಿರು ಸಾಲದೆ, ಬೀಡಿಯ ರುಚಿಯೇ ಹೋದ ಮೇಲೆ ಅದನ್ನು ಬಿಟ್ಟವರು ಊರೂರಿನಲ್ಲಿಯೂ ಇದ್ದಾರೆ. ಸಾವಿಗೆ ಮುಂಚೆ ಬೀಡಿ ನಿಂತಿತೆಂಬುದನ್ನು ಜನ ನೋಡುತ್ತಾರೆ, ಬೀಡಿ ನಿಲ್ಲುವುದಕ್ಕೆ ಮುಂಚೆಯೇ ರೋಗ ಬಂದಿತ್ತೆಂಬುದನ್ನು ನೋಡುವುದಿಲ್ಲ. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ ತರಬಲ್ಲುದು ಹೆಂಡ. ದಿನವೂ ವಿಪರೀತವಾಗಿ ಕುಡಿಯುವವರಿಗೆ ಹಾಗೆ ಬಿಟ್ಟಾಗ ಫಿಟ್ಸು, ಭ್ರಮೆ ಉಂಟಾಗಬಹುದು. ಯಜಮಾನರಿಗೆ ಆ ಅಭ್ಯಾಸವೂ ಇದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ.

ಎಂಟನೆಯ ದಿನದ ಸಿಡುಕು ನಿರೀಕ್ಷಿತವೇ. ಸೇದಬೇಕೆಂಬ ತಹತಹ ಒಮ್ಮೆ ಎದ್ದರೆ ಇರುವುದು ಕೆಲವೇ ನಿಮಿಷ. ಊಟ ಮುಗಿದು ಕೈ ತೊಳೆದೊಡನೆ ಅಂಗಿಯ ಜೇಬಿನತ್ತ ಕೈ ಹೋಗುವ ಆ ಹೊತ್ತಿಗೆ ಅವರನ್ನು ಒಂದು ಸುತ್ತು ನಡೆಯಲು ಎಬ್ಬಿಸಿರಿ. ಜೇಬಿನಲ್ಲಿ ಬೆಂಕಿಪೊಟ್ಟಣ ಉಳಿದಿದ್ದರೆ ಅದನ್ನು ಅಡುಗೆಮನೆಗೆ ಒಯ್ಯಿರಿ. ಮಲಬದ್ಧತೆಗೆ ಸೊಪ್ಪು, ಬಾಳೆಹಣ್ಣು, ನೀರು ಸಾಕು. ತಹತಹ ತಡೆಯಲಾಗದಿದ್ದರೆ ಅಗಿಯುವ ನಿಕೋಟಿನ್ ಗಮ್ಮು ಉಂಟು, ಅದರ ಪ್ರಮಾಣವನ್ನು ವೈದ್ಯರಿಂದ ಕೇಳಿಕೊಳ್ಳಿ: ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುತ್ತಿದ್ದವರಿಗೆ 4 ಮಿಲಿಗ್ರಾಮಿನದು, ಉಳಿದವರಿಗೆ 2ರದು. ಅದನ್ನು ಕೆಲವರು ಎಲೆಯಡಿಕೆಯಂತೆ ಅಗಿದು ರಸ ನುಂಗುತ್ತಾರೆ; ಹಾಗಾದಾಗ ಬಿಕ್ಕಳಿಕೆ, ಹೊಟ್ಟೆಯುರಿಯೇ ಫಲ. ಮೆಲ್ಲಗೆ ಅಗಿದು, ಖಾರವೆನಿಸಿದೊಡನೆ ಕೆನ್ನೆ ಒಸಡುಗಳ ನಡುವೆ ಇರಿಸಿ, ಖಾರ ತಗ್ಗಿದಾಗ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಮುಂಚಿನ ಕಾಲುಗಂಟೆ ಕಾಫಿ, ಹುಳಿ ಪಾನಕಗಳು ಬೇಡ. 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಉಚಿತ, ಕನ್ನಡದಲ್ಲಿಯೂ ಮಾತನಾಡುವರು. ಒಂದು ತಿಂಗಳಾದ ಮೇಲೂ ಮಂಕು ಕವಿದು ಯಾವುದೂ ಬೇಡವೆನ್ನತೊಡಗಿದರೆ ಅದನ್ನು ಬೀಡಿಯ ಲೆಕ್ಕಕ್ಕೆ ಹಾಕದೆ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಬಿ.ಪಿ., ಸಕ್ಕರೆ, ಇಸಿಜಿ ಹೇಗೂ ಆಗಬೇಕು.

ಪ್ರಶ್ನೆ: ಸಿಗರೇಟು ಬಿಟ್ಟ ಮೇಲೆ ಬಾಯಲ್ಲಿ ಹುಣ್ಣು. ಈಗ ಬರೀ ಅಡಿಕೆ ಅಗಿಯುತ್ತಿದ್ದೇನೆ, ಹೊಗೆಸೊಪ್ಪು ಇಲ್ಲ.
– ಅಂಗಡಿ ವ್ಯಾಪಾರಿ, ಶಿರಸಿ

ಉತ್ತರ: ಬಿಟ್ಟ ಮೊದಲ ವಾರಗಳಲ್ಲಿ ಬಾಯಿಹುಣ್ಣು ಬರುವುದುಂಟು, ಮಾಯುವುದೂ ಉಂಟು. ಅಡಿಕೆ ಮಾತ್ರ ಇಂದೇ ನಿಲ್ಲಲಿ. ಹೊಗೆಸೊಪ್ಪಿಲ್ಲದ ಅಡಿಕೆಯೂ ಬಾಯಿಯ ಕ್ಯಾನ್ಸರನ್ನು ತರುತ್ತದೆ, ಒಳಕೆನ್ನೆಯನ್ನು ಗಟ್ಟಿಗೊಳಿಸಿ ಬಾಯಿ ತೆರೆಯದಂತೆ ಮಾಡುತ್ತದೆ. ಕನ್ನಡಿಯ ಮುಂದೆ ನಿಂತು ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ತೂರಿಸಿ ನೋಡಿ. ಹಿಡಿಯದಿದ್ದರೆ, ಬಿಳಿಯ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಮೂರು ವಾರ ಮೀರಿದರೆ, ದಂತವೈದ್ಯರಿಗೆ ತೋರಿಸಿ. ಚೂರು ತೆಗೆದು ಪರೀಕ್ಷಿಸಬೇಕೆಂದರೆ ಬೇಡವೆನ್ನಬೇಡಿ.