ಮೂಗ ಎಲ್ಲೈತಿ, ತೋರ್ಸು: ಚಿತ್ರ ಹಿಡಿದು ಮೈಯ ಪಾಠ ಹೇಳುವವರಿಗೆ ಹನ್ನೆರಡು ಸೂತ್ರ

ಸ್ಟೇಷನರಿ ಅಂಗಡಿಯ 'ದೇಹದ ಭಾಗಗಳು' ಚಾರ್ಟನ್ನು ನೋಡದವರಿಲ್ಲ. ಗುಲಾಬಿ ಮೈಬಣ್ಣದ ಹುಡುಗ, ಕಾಲಿಗೆ ಬೂಟು, ಮೈಸುತ್ತ ಬಾಣ, ಬಾಣದ ತುದಿಗೆ ಅಕ್ಷರ. ಓದಲು ಬಾರದ ಮೂರು ವರ್ಷದ ಮಗುವಿಗೆ ಅದರಿಂದ ಏನೂ ದಕ್ಕುವುದಿಲ್ಲ. ಗೋಡೆಯ ಬಿರುಕು ಮುಚ್ಚುತ್ತದೆ, ಅಷ್ಟೇ. ಚಿತ್ರವೇ ಬೇಡ ಎನ್ನುತ್ತಿಲ್ಲ. 1658ರಲ್ಲಿ ಕೊಮೆನಿಯಸ್ ಮಕ್ಕಳಿಗೆಂದು ಚಿತ್ರಪಠ್ಯ ಅಚ್ಚು ಹಾಕಿಸಿದಾಗಲೇ ಅದರಲ್ಲಿ ಮನುಷ್ಯನ ಹೊರಮೈಗೆ ಒಂದು ಪಾಠ ಇತ್ತು. ಚಿತ್ರ ಯಾವಾಗ ಬರಬೇಕು, ಯಾರ ಚಿತ್ರ ಆಗಿರಬೇಕು ಎಂಬುದಷ್ಟೇ ಪ್ರಶ್ನೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಅಂಗನವಾಡಿ ಅಕ್ಕೋರಿಗೆ, ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸುವ ಆಯಿ-ಅಜ್ಜಂದಿರಿಗೆ ಈ ಸೂತ್ರಗಳು.

1. ಮೊದಲು ಮೈ, ಆಮೇಲೆ ಚಿತ್ರ.
ಮಗು ತನ್ನ ಮೂಗು ಮುಟ್ಟಲಿ, ನಿಮ್ಮ ಮೂಗು ಹಿಡಿಯಲಿ, ಕನ್ನಡಿಯಲ್ಲಿ ನೋಡಲಿ. ಚಿತ್ರ ತೆಗೆಯುವುದು ಇಷ್ಟಾದ ಮೇಲೆ. ದೊಡ್ಡವರಿಗೆ ಚಿತ್ರದ ಮೂಗೂ ಮೂಗೇ, ಕೂಸಿಗೆ ಹಾಗಲ್ಲ. ಒಂಬತ್ತು ತಿಂಗಳ ಕೂಸು ಪುಸ್ತಕದಲ್ಲಿರುವ ವಸ್ತುವನ್ನು ಕೆರೆದು ಎತ್ತಿಕೊಳ್ಳಲು ನೋಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಚ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಒಂದೂವರೆ ವರ್ಷ ದಾಟುವ ಹೊತ್ತಿಗೆ ಕೈ ಕೆರೆಯುವುದನ್ನು ಬಿಟ್ಟು ಬೊಟ್ಟು ಮಾಡತೊಡಗುತ್ತದೆ. ಆದರೂ ಎರಡೂವರೆ ವರ್ಷದ ಮಗುವಿಗೆ ಗೊಂಬೆಯ ಮೊಣಕಾಲು ತೋರಿಸಿ "ನಿಂದು ಎಲ್ಲೈತಿ?" ಎಂದರೆ ಗಲಿಬಿಲಿ ಆಗುವುದುಂಟು. ಅದಕ್ಕೆ ಗದರಬೇಡಿ.

2. "ತೋರ್ಸು" ಮೊದಲು, "ಇದೇನು?" ಆಮೇಲೆ.
ಹೆಸರು ಹೇಳುವುದಕ್ಕಿಂತ ತೋರಿಸುವುದು ಸುಲಭ. ಕಣ್ಣು, ಮೂಗು, ಬಾಯಿ, ಕಿವಿ, ಹೊಟ್ಟೆ ಇಷ್ಟು ಗಟ್ಟಿಯಾಗುವವರೆಗೆ ಹುಬ್ಬು, ಮಣಿಕಟ್ಟು, ಹಿಮ್ಮಡಿಗೆ ಹೋಗಬೇಡಿ. ಒಂದು ದಿನಕ್ಕೆ ಮೂರು ಹೆಸರು ಸಾಕು, ಅದರಲ್ಲೂ ಎರಡು ಹಳೆಯವಿರಲಿ.

3. ತುಂಡು ಚಿತ್ರ ತಡವಾಗಿ ತನ್ನಿ.
ಬಿಳಿ ಹಾಳೆಯ ನಡುವೆ ಒಂಟಿ ಕಿವಿ ತೇಲುತ್ತಿರುವ ಫ್ಲ್ಯಾಶ್‌ಕಾರ್ಡನ್ನು ಮಗು ಶಂಖ ಅಂದೀತು, ಚಕ್ಕುಲಿ ಅಂತಲೂ ಅಂದೀತು. ಇಡೀ ಮುಖ ತೋರಿಸಿ, ಅದರಲ್ಲಿ ಕಿವಿ ಹುಡುಕಿಸಿ. ತಿಂಗಳಾದ ಮೇಲೆ ಅದೇ ಮುಖವನ್ನು ರಟ್ಟಿಗೆ ಅಂಟಿಸಿ ಕತ್ತರಿಸಿ, ಜೋಡಿಸಲು ಕೊಡಿ.

4. ಗೋಡೆಯಿಂದ ಇಳಿಸಿ ಕೈಗೆ ಕೊಡಿ.
ಚಾರ್ಟ್ ದೊಡ್ಡವರ ಕಣ್ಣಿನ ಎತ್ತರಕ್ಕೆ ನೇತಾಡುತ್ತದೆ. ಮಕ್ಕಳಿಗೆ ಬೇಕಾದದ್ದು ಹಿಡಿದು, ತಿರುಗಿಸಿ, ಅಂಗೈಯಷ್ಟು ಹತ್ತಿರದಿಂದ ನೋಡುವ ಕಾರ್ಡು. ನಾಳೆ ಒಂದನೇ ತರಗತಿಗೆ ಹೋದಾಗ ಹೇಗೂ ನಲಿ-ಕಲಿ ಕಾರ್ಡುಗಳ ಚಿತ್ರದ ಗುರುತು ನೋಡಿಯೇ ತಮ್ಮ ಚಟುವಟಿಕೆ ಆರಿಸಿಕೊಳ್ಳಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು.
ಕಾರ್ಡಿಗೆ ಚಿತ್ರ ಎಲ್ಲಿಂದ ಎಂದು ಕೇಳಬೇಡಿ. ಮದುವೆ ಆಲ್ಬಮ್‌ನಲ್ಲಿ ಕಾಕಾ ಇದ್ದಾನೆ, ಅತ್ತಿ ಇದ್ದಾಳೆ. ಮಗು ಗುಲಾಬಿ ಹುಡುಗನ ಮೂಗಿಗಿಂತ ಕಾಕಾನ ಮೂಗನ್ನು ಖುಷಿಯಿಂದ ತೋರಿಸುತ್ತದೆ; ಮೂಗು ದೊಡ್ಡದಿದ್ದರಂತೂ ಕೇಳುವುದೇ ಬೇಡ. ವರ್ಷ ಮುಗಿದ ಕ್ಯಾಲೆಂಡರಿನ ಗಣಪತಿಗೆ ಸೊಂಡಿಲಿದೆ, ಹನುಮಪ್ಪನಿಗೆ ಬಾಲವಿದೆ. "ನಿನಗ ಐತೇನು?" ಎಂದು ಕೇಳಿ ನೋಡಿ. ಮಗು ಹಿಂದೆ ತಿರುಗಿ ಹುಡುಕಿಕೊಳ್ಳುತ್ತದೆ.

5. ಮನೆಯ ಮಾತಿಗೆ ಮೊದಲ ಮಣೆ.
ಚಾರ್ಟಿನಲ್ಲಿ ಬೆರಳು, ಕೆನ್ನೆ, ಸೊಂಟ. ಓಣಿಯಲ್ಲಿ ಬಟ್ಟು, ಗಲ್ಲ, ಟೊಂಕ. ಮಗು "ಬಟ್ಟು" ಅಂದಾಗ "ತಪ್ಪು, ಬೆರಳು ಅನ್ನು" ಎಂದು ತಿದ್ದಿದರೆ ಅದು ಮುಂದಿನ ಸಲ ಬಾಯಿಯನ್ನೇ ಬಿಡುವುದಿಲ್ಲ. "ಹೌದವಾ, ಬಟ್ಟು. ಪುಸ್ತಕದಾಗ ಇದಕ್ಕ ಬೆರಳು ಅಂತ ಬರೀತಾರ" ಎಂದರೆ ಎರಡೂ ಉಳಿಯುತ್ತವೆ. ಬೆಟಗೇರಿ, ಲಕ್ಷ್ಮೇಶ್ವರದ ಉರ್ದು ಮನೆಯ ಮಗು ನಾಕ್, ಕಾನ್ ಎನ್ನುತ್ತಾ ಬರುತ್ತದೆ. ಮುಂಡರಗಿ, ಶಿರಹಟ್ಟಿ ತಾಂಡಾಗಳ ಮಗುವಿಗೆ ಲಂಬಾಣಿಯದೇ ಹೆಸರುಗಳಿವೆ. ಆ ತಾಯಂದಿರನ್ನು ಕೇಳಿ ಹೆಸರನ್ನು ಕಾರ್ಡಿನ ಹಿಂದೆ ಕನ್ನಡ ಅಕ್ಷರದಲ್ಲೇ ಬರೆದಿಟ್ಟುಕೊಳ್ಳಿ. ಮೊದಲ ವಾರ ಅದನ್ನೂ ಹೇಳಿ, ಕನ್ನಡವನ್ನೂ ಹೇಳಿ.

6. ಖಡು ತಗೊಳ್ಳಿ, ನೆಲದ ಮೇಲೆ ಮಲಗಿಸಿ.
ನನ್ನ ಮಟ್ಟಿಗೆ ಇದರಷ್ಟು ಒಳ್ಳೆಯ ಚಿತ್ರ ಇನ್ನೊಂದಿಲ್ಲ, ಖರ್ಚೂ ಇಲ್ಲ. ಒಂದು ಮಗು ಅಂಗಾತ ಮಲಗಲಿ. ಸುತ್ತ ಖಡುವಿನಲ್ಲಿ ಗೆರೆ ಎಳೆಯಿರಿ, ಕಂಕುಳಲ್ಲಿ ಕಚಗುಳಿ ಆಗುವುದೂ ಪಾಠವೇ. ಮಗು ಎದ್ದರೆ ಅದರದೇ ಅಳತೆಯ ಚಿತ್ರ ನೆಲದ ಮೇಲೆ. ಈಗ ಉಳಿದವರು ಕಣ್ಣಿಗೆ ಹುಣಸೆ ಬೀಜ, ಹಲ್ಲಿಗೆ ಜೋಳದ ಕಾಳು, ಅಂಗಿಯ ಗುಂಡಿಗೆ ಕಡಲೆ ಇಡಲಿ. ಬೆಟಗೇರಿಯಲ್ಲಿ ಮಗ್ಗದ ಮನೆಗಳಿಗೆ ಬರವಿಲ್ಲ; ಅಲ್ಲಿ ಉಳಿದ ನೂಲಿನ ತುಂಡು ತಲೆಗೂದಲಾಗುತ್ತದೆ. ಎಲ್ಲ ಮುಗಿದ ಮೇಲೆ "ಮೊಣಕಾಲ ಮ್ಯಾಲೆ ನಿಂದ್ರು", "ಹೊಟ್ಟಿ ಮ್ಯಾಲೆ ಕುಂದ್ರು" ಎಂದು ಕುಣಿಸಿ. ತೀರಾ ಸಣ್ಣವರಿಗೆ ಕಾಳು ಕೊಡಬೇಡಿ. ಮೂಗಿನ ಪಾಠದಲ್ಲಿ ಕಾಳು ಮೂಗಿನೊಳಗೇ ಹೋದೀತು.

7. ಎಡ-ಬಲ ಈಗ ಬೇಡ.
ಎದುರು ನಿಂತ ಚಿತ್ರದ ಬಲಗೈ ಮಗುವಿನ ಎಡಕ್ಕೆ ಬರುತ್ತದೆ. ಎಷ್ಟೋ ದೊಡ್ಡವರೇ ಇಲ್ಲಿ ತಪ್ಪುತ್ತಾರೆ. ಉಣ್ಣುವ ಕೈ ಯಾವುದು ಎಂಬಲ್ಲಿಗೆ ನಿಲ್ಲಿಸಿ.

8. ಮಗು ಬರೆದ ಮನುಷ್ಯನನ್ನು ತಿದ್ದಬೇಡಿ.
ಮೂರು-ನಾಲ್ಕು ವರ್ಷದವರು ಬರೆಯುವ ಮನುಷ್ಯನಿಗೆ ತಲೆಯಿಂದಲೇ ಕಾಲು ಹೊರಡುತ್ತವೆ, ಹೊಟ್ಟೆ ನಾಪತ್ತೆ. ಗಾಬರಿ ಬೇಡ, ಆ ವಯಸ್ಸಿಗೆ ಅದು ಸಹಜ. ಮಕ್ಕಳ ಚಿತ್ರದಲ್ಲಿ ಯಾವ ಯಾವ ಅಂಗ ಬಂದಿವೆ ಎಂದು ಎಣಿಸಿ ಬುದ್ಧಿಯ ಬೆಳವಣಿಗೆ ಅಳೆಯುವ ಪರೀಕ್ಷೆಯನ್ನು ಫ್ಲಾರೆನ್ಸ್ ಗುಡಿನಫ್ 1926ರಲ್ಲೇ ರೂಪಿಸಿದರು. ನೀವು ಅಂಕ ಹಾಕಲು ಹೋಗಬೇಡಿ. ಹಾಳೆಯ ಮೂಲೆಯಲ್ಲಿ ತಾರೀಖು ಬರೆದು ತೆಗೆದಿಡಿ. "ಇಂವ ಉಂಡಿದ್ದು ಎಲ್ಲಿ ಹೋಗತೈತಿ?" ಎಂದು ಒಮ್ಮೆ ಕೇಳಿ ಸುಮ್ಮನಾಗಿ. ಕೆಲವು ತಿಂಗಳಲ್ಲಿ ಹೊಟ್ಟೆ ತಾನಾಗಿ ಬರುತ್ತದೆ, ಬಹಳ ಸಲ ಹೊಕ್ಕಳದ ಸಮೇತ.

9. ಮಣ್ಣೆತ್ತಿನ ಅಮಾವಾಸ್ಯೆ ತಪ್ಪಿಸಬೇಡಿ.
ಕೋಡು, ಕಿವಿ, ಡುಬ್ಬ, ಬಾಲ, ಗೊರಸು. ಎತ್ತು ಮಾಡುವ ಮಗುವಿಗೆ ಇವನ್ನು ಬಾಯಿಪಾಠ ಮಾಡಿಸಬೇಕಿಲ್ಲ. ಒಂದು ಮರೆತರೆ ಪಕ್ಕದವನೇ "ಏ, ನಿನ್ನ ಎತ್ತಿಗೆ ಬಾಲ ಇಲ್ಲ" ಎಂದು ಕೂಗುತ್ತಾನೆ.

10. ಊರೇ ಚಿತ್ರಪುಸ್ತಕ.
ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಲ್ಲಿ ಶಿವ-ಪಾರ್ವತಿ ನಂದಿಯ ಮೇಲೆ ಕುಳಿತಿದ್ದಾರೆ: ಮನುಷ್ಯರ ಕಾಲು ಎಷ್ಟು, ನಂದಿಯ ಕಾಲು ಎಷ್ಟು? ಗದಗಿಗೆ ಹತ್ತಿರದ ಲಕ್ಕುಂಡಿಯ ಜಿನಾಲಯದಲ್ಲಿ ನಾಲ್ಕು ಮುಖದ ಬ್ರಹ್ಮ ಇದ್ದಾನೆ. ಮೂಗು ಎಣಿಸಲು ಹಚ್ಚಿ. ಚಳಿಗಾಲದಲ್ಲಿ ಶಿರಹಟ್ಟಿ ಬಳಿಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಕೆರೆ ಅದು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಬೆರಳಿನ ನಡುವೆ ಚರ್ಮ. ಹೋಗಲಾಗದವರು ಬಜಾರಿಗಾದರೂ ಹೋಗಿ. ಹೂವಿನವಳು ಮೊಣಕೈಯಿಂದ ಬಟ್ಟಿನ ತುದಿಯವರೆಗೆ ಮಾಲೆ ಹಿಡಿದು ಮೊಳ ಹಾಕುವುದನ್ನು ತೋರಿಸಿ. ಮೊಣಕೈ ಎಂಬುದು ಕಲಿಸಲು ಕಷ್ಟದ ಅಂಗ. ಅಲ್ಲಿ ಪುಕ್ಕಟೆ ಕಲಿಯುತ್ತದೆ.

11. ಟೊಂಕದಿಂದ ತೊಡೆಗೆ ಜಿಗಿಯಬೇಡಿ.
ಎಲ್ಲ ಚಾರ್ಟುಗಳೂ ಜಿಗಿಯುತ್ತವೆ, ಅಕ್ಕೋರೂ ಜಿಗಿಯುತ್ತಾರೆ. ಭಾದ್ರಪದದಲ್ಲಿ ಜೋಕುಮಾರಸ್ವಾಮಿಯನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತಂದು ಹಾಡುವ ಸೀಮೆ ನಮ್ಮದು. ಆ ಮಣ್ಣಿನ ಮೂರ್ತಿಗೆ ಸಂಕೋಚ ಎಂಬುದೇ ಇಲ್ಲ. ಅದೇ ಸೀಮೆಯಲ್ಲಿ ಉಚ್ಚೆ ಹೊಯ್ಯುವಾಗ ಉರಿಯುತ್ತದೆ ಎಂದು ಹೇಳಲು ಪದ ಸಿಗದ ಮಗು "ಹೊಟ್ಟಿ ನೋಯ್ತೈತಿ" ಎನ್ನುತ್ತದೆ, ತಾಯಿ ಅಜವಾನದ ನೀರು ಕುಡಿಸುತ್ತಾಳೆ.
ತಾಯಿ, ಅಕ್ಕೋರು, ಡಾಕ್ಟರು ಮೂವರಿಗೂ ಅರ್ಥವಾಗುವ ಒಂದು ಸರಳ ಹೆಸರು ಗೊತ್ತು ಮಾಡಿ, ಮೂಗಿನ ಹೆಸರು ಹೇಳುವ ದನಿಯಲ್ಲೇ ಹೇಳಿ. ಚಿತ್ರಕ್ಕೆ ಚಡ್ಡಿ ಹಾಕಿದ ಮಗುವಿನ ಗೆರೆಚಿತ್ರ ಸಾಕು. ಮಗುವಿನ ಬರಿಮೈ ಫೋಟೊ ಪಾಠಕ್ಕೂ ಬೇಡ, ಮೊಬೈಲಿನಲ್ಲೂ ಬೇಡ. ಚಡ್ಡಿಯೊಳಗಿನದನ್ನು ಸ್ನಾನ ಮಾಡಿಸುವವರು, ಅವ್ವ ಪಕ್ಕದಲ್ಲಿದ್ದಾಗ ಡಾಕ್ಟರು ಬಿಟ್ಟು ಬೇರೆ ಯಾರೂ ಮುಟ್ಟಬಾರದು, ನೋಡಬಾರದು. ಮುಟ್ಟಿದರೆ "ಬ್ಯಾಡ" ಎಂದು ಕೂಗಿ ಓಡಿ ಬಂದು ಹೇಳಬೇಕು. ಮುಟ್ಟಿದವರು ಮನೆಯವರೇ ಆಗಿದ್ದರೂ, ಯಾರಿಗೂ ಹೇಳಬೇಡ ಎಂದು ಚಾಕಲೇಟು ಕೊಟ್ಟಿದ್ದರೂ. ಈ ಮಾತನ್ನು ಕಾರ್ಡು ತೋರಿಸುತ್ತ ಆಗಾಗ ಹೇಳುತ್ತಿರಿ, ಒಂದೇ ದಿನ ಭಾಷಣ ಮಾಡಿ ಮುಗಿಸಬೇಡಿ. 2012ರ ಪೋಕ್ಸೋ ಕಾಯ್ದೆ ಬಂದ ಮೇಲೆ ಮಗುವಿನ ಹೇಳಿಕೆಯನ್ನು ಅದರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಆ ಮಾತು ಅದರ ಬಾಯಲ್ಲಿ ಇರಬೇಕಲ್ಲ. ಮಕ್ಕಳ ಸಹಾಯವಾಣಿ 1098ನ್ನು ಚಾರ್ಟ್ ಇಳಿಸಿದ ಜಾಗದಲ್ಲಿ ದೊಡ್ಡದಾಗಿ ಬರೆಯಿರಿ.

12. ತೋರಿಸದ ಮಗುವನ್ನು ದಡ್ಡ ಅನ್ನಬೇಡಿ, ಪರೀಕ್ಷೆ ಮಾಡಿಸಿ.
ಎರಡು ವರ್ಷದ ಮಗು ಕೇಳಿದಾಗ ಕನಿಷ್ಠ ಎರಡು ಅಂಗವನ್ನಾದರೂ ತೋರಿಸಬೇಕು ಎಂಬುದು ಅಮೆರಿಕದ ಸಿಡಿಸಿ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿದೆ. ತೋರಿಸದಿದ್ದರೆ ಕಿವಿ ಕೇಳುತ್ತಿಲ್ಲವೇನೋ, ಕಣ್ಣು ಮಂಜೇನೋ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ತಪಾಸಣೆಗೆ ಬಂದಾಗ ಆ ಮಗುವನ್ನು ಮೊದಲು ಮುಂದೆ ಕೂರಿಸಿ.
ಕಣ್ಣು ಕಾಣದ ಮಗುವಿಗೂ ಚಿತ್ರ ಮಾಡಬಹುದು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಹೇಳಿಕೊಟ್ಟು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಗದಗಿನಲ್ಲೇ ಇರುವಾಗ ಇದನ್ನು ನಾವು ಬೇರೆಯವರಿಂದ ಕೇಳಿ ತಿಳಿಯಬೇಕಿಲ್ಲ. ರಟ್ಟಿನ ಮೇಲೆ ಮುಖದ ಅಂಚಿಗೆ ದಪ್ಪ ದಾರ ಅಂಟಿಸಿ, ಹುಬ್ಬಿಗೆ ಉಣ್ಣೆ, ಕಣ್ಣಿಗೆ ಗುಂಡಿ, ತುಟಿಗೆ ಮೆತ್ತನೆ ಬಟ್ಟೆ. ಒಂದು ಕೈ ರಟ್ಟಿನ ಮೇಲೆ, ಇನ್ನೊಂದು ಕೈ ತನ್ನ ಮುಖದ ಮೇಲೆ ಇಟ್ಟು ನೋಡಲಿ. ಅಂಥ ನಾಲ್ಕೈದು ರಟ್ಟು ಮಾಡಿಡಿ. ಕಣ್ಣು ಕಾಣುವ ಮಕ್ಕಳೂ ಕಣ್ಣು ಮುಚ್ಚಿಕೊಂಡು ಅದಕ್ಕೇ ಜಗಳವಾಡುತ್ತಾರೆ.